ಆರನೇ ಮಹಡಿ ಯಾರೂ ದಾಟಿಲ್ಲ

…ಎಡಕ್ಕಲ್ಲಪ್ಪಾ, ಎಡಕ್ಕಲ್ಲ! ಆ ಕಡೆ ಬರೀ ಗೋಡೆ. ಮೆಟ್ಟಿಲು ಎದುರಿಗೇ ಇದೆಯಲ್ಲ, ಇಷ್ಟು ದೊಡ್ಡದಾಗಿ! ಹಾಂ… ಹತ್ತು ಈಗ. ದೇವರೇ! ಐದು ವರ್ಷದಿಂದ ನನ್ನ ಈ ಕಂಪ್ಯೂಟರ್ ಆಟಕ್ಕೆ ಸಂಗೀತ ಮಾಡ್ತಿರೋ ಮೇಷ್ಟ್ರು ತಾವು. ತಮಗೇ ಮೆಟ್ಟಿಲು ಕಾಣಿಸ್ಲಿಲ್ಲ ಅಂದ್ರೆ ನಾಳೆ ಪ್ರದರ್ಶನಕ್ಕೆ ಬರೋ ದಡ್ಡ ಶಿಖಾಮಣಿಗಳ ಗತಿ ಏನು?

ಏನಂದೆ? ನಾನು ಬಾಯಿ ಮುಚ್ಕೊಂಡು ಕೂರಬೇಕಾ? ಓಹೋ! ಯಾರು ಹೇಳ್ಕೊಟ್ರು, ಆ ಬಿಸ್ಕತ್ತು ಆಟ ಮಾಡಿದೋನು, ನಮ್ಮ ಬಿಸ್ಕತ್ತಾ? ಅವನದೇ ಮಾತು ಅದು, ನನಗೆ ಗೊತ್ತು. 'ಬೇರೆಯವರು ಆಡಿ ನೋಡುವಾಗ ಆಟ ಮಾಡಿದೋನು ಹಿಂದೆ ಕೂತು ತುಟಿ ಹೊಲ್ಕೋಬೇಕು, ಅವರೆಲ್ಲಿ ಎಡವ್ತಾರೆ ಅಂತ ನೋಡ್ಬೇಕು.' ಎಂಥಾ ಉಪದೇಶ! ಅವನು ಮಾಡಿದ್ದೇನು ಹೇಳು? ಪರದೆ ಮೇಲೆ ಒಂದು ಬಿಸ್ಕತ್ತು. ಒತ್ತಿದ್ರೆ ಎರಡು ಚೂರು. ಮತ್ತೆ ಒತ್ತಿದ್ರೆ ನಾಲ್ಕು ಚೂರು. ಆಯ್ತು, ಮುಗೀತು! ಅದನ್ನ ಜನ ಬಸ್ಸಲ್ಲಿ ಕೂತ್ಕೊಂಡು ಕಟಕಟ ಒಡೀತಾರೆ. ಆಸಾಮಿ ಮೂರು ತಿಂಗಳಿಗೊಂದು ಇಂಥದ್ದು ಹೊರಗೆ ಹಾಕಿ 'ಮುಗಿಸಿಬಿಟ್ಟೆ ಗುರೂ' ಅಂತ ಬೀದಿ ತುಂಬ ಹೇಳ್ಕೊಂಡು ತಿರುಗ್ತಾನೆ. ಮುಗಿಸೋದಂತೆ! ಅದರಲ್ಲಿ ಶುರುವಾಗಿದ್ದಾದ್ರೂ ಏನು, ಮುಗಿಯೋಕೆ?

ಯಾಕೆ ನಗ್ತೀಯ?

ಓ… ಟೋಪಿ. ಸರಿ, ಕಾವಲುಗಾರನ ಟೋಪಿ ಗೋಡೆಯೊಳಗೆ ಸಿಕ್ಕಿಹಾಕ್ಕೊಳ್ತು, ತಲೆ ಮುಂದೆ ಬಂತು. ನಗಪ್ಪಾ, ನಗು. ಎರಡು ನಿಮಿಷದ ಕೆಲಸ ಅದು, ಸರಿ ಮಾಡ್ತೀನಿ. ಮೊದಲೇ ಫೋನ್ ಮಾಡಿ ಬಂದಿದ್ರೆ ಇಷ್ಟು ಹೊತ್ತಿಗೆ ಮಾಡಿರ್ತಿದ್ದೆ. ಊಟ ಮುಗಿಸಿ ಕೈ ತೊಳೀತಿದ್ದೀನಿ, ಬಾಗಿಲಲ್ಲಿ ನೀನು! 'ಮೇಡಂ ಹೇಳಿದ್ರು, ಇವತ್ತೇ ಪೂರ್ತಿ ಆಡಿ ನೋಡ್ಬೇಕು' ಅಂತ. ನನ್ನ ಮಾತು ಸಾಲ್ದಂತಾ ಆ ಮೇಡಂಗೆ? 'ತಂಡದಲ್ಲಿ ಇನ್ನೊಬ್ಬರು ಮೊದಲಿಂದ ಕೊನೇವರೆಗೆ ಆಡಿ, ಸರಿಯಿದೆ ಅಂತ ಹೇಳಿದ್ರೇನೇ ವೇದಿಕೆ' ಅಂತೆ. ಪ್ರದರ್ಶನ ನಡೆಸೋರಿಗೆ ಇಷ್ಟು ಗತ್ತು! ಮೊನ್ನೆ ಕೇಳ್ತಾಳೆ, 'ನಿಮ್ಮ ಆಟ ಒಂದೇ ವಾಕ್ಯದಲ್ಲಿ ಹೇಳಿ.' ಹೇಳ್ದೆ. ಒಬ್ಬ ಮುದುಕ ಕಾವಲುಗಾರ, ಖಾಲಿ ಕಟ್ಟಡ, ಒಂದೊಂದೇ ಮಹಡಿ ದೀಪ ಆರಿಸ್ತಾ ಮೇಲೆ ಹೋಗ್ತಾನೆ, ಆರಿಸಿದ ಮನೇಲಿ ಹಿಂದೆ ಇದ್ದೋರ ಮಾತು ಕತ್ತಲಲ್ಲಿ ಕೇಳಿಸುತ್ತೆ, ಕೊನೆಗೆ ತಾರಸಿ ಬಾಗಿಲು ತೆಗೀತಾನೆ. 'ತೆಗೆದ ಮೇಲೆ?' ಅಂದಳು. ತೆಗೆದ ಮೇಲೆ ಏನು ಅಂತ ಹೇಳ್ಬಿಟ್ರೆ ನೀನ್ಯಾಕಮ್ಮ ಆಡ್ತೀಯ, ಅಂತ ಬಾಯಿಗೆ ಬಂತು. ನುಂಗ್ಕೊಂಡೆ.

ಎಷ್ಟನೇದು ಇದು, ನಾಲ್ಕಾ? ಅಯ್ಯೋ, ಮೂರನೇ ಮಹಡೀಲಿ ಮೀನಿನ ತೊಟ್ಟಿ ನೋಡಿದ್ಯಾ? ಸುಮ್ನೆ ದಾಟ್ಕೊಂಡು ಬಂದ್ಯಾ? ವಾಪಸ್ ಹೋಗು. ಹೋಗೋ, ಏನೀಗ ರೈಲು ತಪ್ಪಿ ಹೋಗುತ್ತಾ? ಇಡೀ ಚಳಿಗಾಲ ಆ ನೀರಿಗೇ ಕಳೆದಿದ್ದೀನಿ ನಾನು. ಟಾರ್ಚ್ ಬಿಟ್ರೆ ಬೆಳಕು ತಳಕ್ಕೆ ಹೋಗಿ ಅಲುಗಾಡುತ್ತೆ. ಮೀನುಗಳು ಬೆಳಕಿಗೆ ಬರಲ್ಲ, ಹೆದರಿ ಮೂಲೆಗೆ ಹೋಗ್ತವೆ, ಒಂದೊಂದೂ ಬೇರೆ ಬೇರೆ ಥರ ಹೆದರುತ್ತೆ! ಬಿಸ್ಕತ್ತಿನ ಏಳು ತಲೆಮಾರಿಗೂ ಬರಲ್ಲ ಈ ಕೆಲಸ.

ಹೋಗಲ್ವಾ? ಆಯ್ತು ಬಿಡು. ಕಣ್ಣಿದ್ದೋರಿಗೆ ಮಾಡಿದ್ದು ಅದು.

ನಿಮ್ಮಂಥೋರದ್ದೆಲ್ಲ ಒಂದೇ ಹಾಡು. ಕೆಳಗೆ ಕೇಳಿಸ್ತಿದೆಯಲ್ಲ ಟಕಟಕ ಟಕಟಕ, ನಮ್ಮಕ್ಕನ ಹೊಲಿಗೆ ಮಷಿನ್ನು, ಅವಳೂ ಹೀಗೇ. ಬೆಳಗ್ಗೆ ಟೀ ತಂದ್ಕೊಟ್ಟು ನಿಂತ್ಕೊಂಡು ಕೇಳ್ತಾಳೆ, 'ನಾನು ಯಾವತ್ತಾದ್ರೂ ಒಂದೇ ತೋಳಿನ ಅಂಗಿ ಗಿರಾಕಿ ಕೈಗೆ ಕೊಟ್ಟಿದ್ದೀನೇನೋ?' ಅಂತ. ಅಲ್ಲಕ್ಕಾ, ಅಂಗಿಗೆ ಎರಡು ತೋಳು ಅಂತ ಎಳೆ ಮಗುವಿಗೂ ಗೊತ್ತು. ಆಟಕ್ಕೆ ಎಷ್ಟು ತೋಳು ಅಂತ ಯಾರಕ್ಕಾ ಅಳತೆ ಕೊಡ್ತಾರೆ? ಅಂದೆ. ಲೋಟ ಎತ್ಕೊಂಡು ಕೆಳಗೆ ಹೋದಳು. ಅವಳ್ಯಾಕೆ, ಎರಡನೇ ವರ್ಷ ನಾನು ಆಟ ಓಡಿಸೋ ಎಂಜಿನ್ನೇ ಬದಲಾಯಿಸಿ ಎಲ್ಲ ಮೊದಲಿಂದ ಕಟ್ಟಿದೆನಲ್ಲ, ಆಗ ನೀನೂ ಕಣ್ಣು ಕಣ್ಣು ಬಿಟ್ಟೆ. 'ನಡೀತಾ ಇತ್ತಲ್ಲ, ಯಾಕೆ ಕೆಡವಿದೆ?' ಅಂತ. ನಡೀತಾ ಇತ್ತಂತೆ! ಕುಂಟನೂ ನಡೀತಾನೆ.

ಐದನೇದೂ ಆಯ್ತಾ? ಪರವಾಗಿಲ್ಲ, ಕೈ ಚುರುಕಾಗಿದೆ.

ಇನ್ನು ಮೇಲೆ ನೋಡು ಮಜಾ. ಆರನೇ ಮಹಡಿ. ಕುರ್ಚಿ ಹತ್ರ ಎಳ್ಕೋತೀನಿ, ಇರು, ಇದನ್ನ ನಾನು ಕಣ್ಣಾರೆ ನೋಡ್ಬೇಕು. ಉದ್ದ ಓಣಿ. ದೀಪಗಳು ಹತ್ತಿ ಆರ್ತಿರುತ್ತೆ, ಅದರ ಪಾಡಿಗೆ ಅದು. ಕತ್ತಲಿದ್ದಾಗ ಹೆಜ್ಜೆ ಇಡ್ಬೇಕು, ಬೆಳಕು ಬಂದಾಗ ಕಲ್ಲಾಗಿ ನಿಲ್ಬೇಕು. ಬೆಳಕಲ್ಲಿ ಕಾಲು ಅಲುಗಿತೋ, ಮುಗೀತು, ಸೀದಾ ಕೆಳಗೆ, ಮೊದಲನೇ ಮಹಡಿಗೆ. ಮತ್ತೆ ಹತ್ತು! ಆರನೇ ಮಹಡಿ ಇವತ್ತಿನವರೆಗೆ ಯಾರೂ ದಾಟಿಲ್ಲ. ಯಾರೂ! ಬಿಸ್ಕತ್ತು ಬಂದ. ಇದೇ ಕುರ್ಚಿ. ಬೆವರಿ ಬೆವರಿ, ಕೊನೆಗೆ ಕೈಯಲ್ಲಿದ್ದ ಕಂಟ್ರೋಲರ್ ಹಾಸಿಗೆ ಮೇಲೆ ಎಸೆದು 'ಇದು ಆಟ ಅಲ್ಲ, ಜೈಲು' ಅಂದು ಎದ್ದು ಹೋದ. ಮೇಡಂ ಕಡೆಯಿಂದ ಇಬ್ಬರು ಬಂದ್ರು, ಕೊರಳಿಗೆ ಗುರುತಿನ ಚೀಟಿ ನೇತಾಕ್ಕೊಂಡು. 'ಸ್ವಲ್ಪ ಸುಲಭ ಮಾಡಿ ಸಾರ್' ಅಂತ ಗೋಗರೆದ್ರು. ಸುಲಭ! ಬಾಯಿಗೆ ತುತ್ತೂ ಇಡ್ಲಾ ಅಂದೆ. ಕಷ್ಟಪಡದೆ ಬಂದೋನಿಗೆ ಆ ತಾರಸಿ ಯಾಕೆ ತೋರಿಸ್ಬೇಕು? ಯೋಗ್ಯತೆ ಬೇಡ್ವಾ?

ನಾನಾ? ನಾನ್ಯಾಕೆ ದಾಟ್ಬೇಕು? ಮಾಡಿದೋನು ನಾನು. ಒಂದು ಗುಂಡಿ ಒತ್ತಿದ್ರೆ ಎಲ್ಲಿಗೆ ಬೇಕಾದ್ರೂ ಹೋಗಿ ನಿಲ್ತೀನಿ.

ನೋಡಿದ್ಯಾ, ಬಿದ್ದೆ! ಮೊದಲನೇ ಸಲಕ್ಕೇ! ಬೇಜಾರು ಮಾಡ್ಕೋಬೇಡ ಮೇಷ್ಟ್ರೇ, ಎಲ್ಲರ ಹಣೆಬರಹಾನೂ ಅಷ್ಟೇ. ಒಂದು ಕೆಲಸ ಮಾಡು, ಮೇಡಂಗೆ ಫೋನ್ ಮಾಡಿ 'ಸರಿಯಿದೆ' ಅಂದುಬಿಡು. ಯಾರು ನೋಡಿದ್ರು? ನಾಳೆ ಬರೋರೂ ಇಲ್ಲೇ ಬೀಳ್ತಾರೆ, ಇಲ್ಲಿಂದ್ಲೇ ಮನೆಗೆ ಹೋಗ್ತಾರೆ.

ಏನು? ನಿಮ್ಮಮ್ಮ ಬರ್ತಾರಾ? ಗೊತ್ತು, ಗೊತ್ತು. ನಿನ್ನೆ ನನಗೇ ಫೋನ್ ಮಾಡಿದ್ರು. 'ನನ್ನ ಮಗನ ಹಾಡು ಕೊನೇಲಿ ಬರುತ್ತಂತಲ್ಲಪ್ಪ, ಅಲ್ಲೀವರೆಗೂ ಕೂರಿಸ್ತಾರಾ?' ಅಂತ. ನಿನ್ನ ಕೀಬೋರ್ಡ್ ಕ್ಲಾಸಿನ ಮಕ್ಕಳೂ, ಅವರಪ್ಪ ಅಮ್ಮಂದಿರೂ, ಎಲ್ಲರನ್ನೂ ಕರೆದಿದ್ದೀಯಂತೆ. ಏನು ಮದುವೆ ಮನೆನಾ ಅದು? ಒಂದು ರಾಗಕ್ಕೆ ಊರೆಲ್ಲ ಡಂಗುರ! ಆ ರಾಗಾನೂ ನಾನು ಗೋಳು ಹೊಯ್ಕೊಂಡಿದ್ದಕ್ಕೆ ರಾಗ ಆಗಿದ್ದು, ಜ್ಞಾಪಕ ಇರಲಿ. ಮೊದಲು ತಂದಾಗ ಹೇಗಿತ್ತು? ಶಾಲೆ ಮಕ್ಕಳ ಪ್ರಾರ್ಥನೆ! 'ಬಾಗಿಲು ಪೂರ್ತಿ ತೆರೆದ ಮೇಲೆ ಕೊಳಲು ಬರಲಿ' ಅಂದೆ. ತಿದ್ದಿ ತಂದೆ. 'ಎರಡು ಸೆಕೆಂಡ್ ಕಮ್ಮಿ ಮಾಡು, ಅಷ್ಟರಲ್ಲಿ ಮುದುಕ ಕೂತಿರ್ತಾನೆ' ಅಂದೆ. ಮುಖ ಊದಿಸ್ಕೊಂಡು ಹೋದೆ, ತಿದ್ದಿ ತಂದೆ. 'ದೃಶ್ಯ ಒಂದ್ಸಲ ತೋರಿಸೋ, ನೋಡ್ಕೊಂಡು ಮಾಡ್ತೀನಿ' ಅಂತ ಎಷ್ಟು ಸಲ ಅಂಗಲಾಚಿದ್ದೀಯ! ತೋರಿಸ್ಲಿಲ್ಲ. ಸಂಗೀತದೋನು ನೋಡಿಬಿಟ್ರೆ ನೋಡಿದ್ದಕ್ಕೇ ತಾಳ ಹಾಕ್ತಾನೆ. ನೋಡದೆ ಮಾಡಿದ್ದಕ್ಕೇ ಅದಕ್ಕೊಂದು ಜೀವ ಬಂದಿದ್ದು. ನನಗೆ ಥ್ಯಾಂಕ್ಸ್ ಹೇಳ್ಬೇಕು ನೀನು.

ಇನ್ನೂ ಆಡ್ತೀಯಾ? ಮತ್ತೆ ಆರಕ್ಕೆ ಬಂದ್ಯಾ? ಹಠಮಾರಿ. ಆಡು, ಆಡು, ನನಗೇನು…

ಕಣ್ಣು ಯಾಕೆ ಮುಚ್ಕೊಂಡೆ?

ಏಯ್, ಕಣ್ಣು ಮುಚ್ಕೊಂಡು ಆಡ್ತಾರೇನೋ? ನಿದ್ದೆ ಬಂತಾ? ದೀಪ ನೋಡೋ… ಕಾಲು ಯಾಕೆ ಕುಟ್ತಿದ್ದೀಯ, ಕೆಳಗೆ ಅಕ್ಕ… ಏನಿದು? ಹೆಜ್ಜೆ… ನಿಂತ. ಹೆಜ್ಜೆ, ಹೆಜ್ಜೆ… ನಿಂತ. ಹೇಗೆ? ಹೇಗೋ ಅದು?

…ತಾಳ.

ಥೂ! ನಿನ್ನ ತಾಳಕ್ಕೇ ಕಟ್ಟಿದ್ದೆ ಆ ದೀಪಗಳನ್ನ. ಮೂರನೇ ವರ್ಷ ನೀನು ಕೊಟ್ಟ ಮದ್ದಲೆ ಬಡಿತ, ಅದಕ್ಕೇ ಒಂದೊಂದೇ ದೀಪ ಅಳೆದು ಕೂರಿಸಿದ್ದೆ. ಯಾರಿಗೂ ಹೊಳೀಬಾರ್ದು ಅಂತ ಸದ್ದು ಸಣ್ಣ ಮಾಡಿ ಗಾಳಿ ಶಬ್ದದ ಕೆಳಗೆ ಹೂತಿಟ್ಟಿದ್ದೆ. ಬಿಸ್ಕತ್ತಿಗೆ ಕೇಳಿಸ್ಲಿಲ್ಲ, ಆ ಗುರುತಿನ ಚೀಟಿಯೋರಿಗೆ ಕೇಳಿಸ್ಲಿಲ್ಲ. ಆ ತಾಳ ಮಾಡಿದೋನ ಕಿವಿಗೆ ಕೇಳಿಸದೆ ಇರುತ್ತಾ? ನನ್ನ ಬುದ್ಧಿಗಿಷ್ಟು…

ನಿಲ್ಲು ನಿಲ್ಲು. ಇದು ಲೆಕ್ಕಕ್ಕಿಲ್ಲ! ಮೋಸ ಇದು! ನೀನು ಬೇರೆ ಜನರ ಥರ ಆಡ್ಬೇಕು, ಕಣ್ಣಲ್ಲಿ. ಕಿವಿಯಲ್ಲಿ ಆಡೋದಕ್ಕೆ… ಓಣಿ ಮುಗೀತಾ ಬಂತಲ್ಲೋ! ತಡಿ, ಅಲ್ಲಿ ಬಲಗಡೆ ಮನೆ ನೋಡಿಲ್ಲ ನೀನು. ಅಜ್ಜಿ ಕನ್ನಡಕ ಇದೆ, ಕೈಗೆ ತಗೋಬಹುದು. ಟೀ ಕುಡಿಯೋಣ ಮೊದಲು. ಅಕ್ಕಾ! ಅಕ್ಕಾ, ಎರಡು ಟೀ! ಅವಳ ಮಷಿನ್ ಸದ್ದಲ್ಲಿ ಎಲ್ಲಿ ಕೇಳಿಸುತ್ತೆ. ನೀನಾದ್ರೂ ಸ್ವಲ್ಪ ಕೇಳು. ಕರೆಂಟ್ ಬೇರೆ ಹೋಗೋ ಹಾಗಿದೆ, ಸೇವ್ ಮಾಡಿ ನಾಳೆ ಬೆಳಗ್ಗೆ…

ಹತ್ತಿಬಿಟ್ಟೆಯಲ್ಲ.

ಸರಿ. ಬಾಗಿಲು. ಇದೇ. ಈ ಹಿಡಿಕೆ ನೋಡು, ತುಕ್ಕು ನೋಡು. ಎಷ್ಟೋ ಥರದ ತುಕ್ಕು ಬಳಿದು, ಕೆರೆದು, ಮತ್ತೆ ಬಳಿದು… ಮುಟ್ಟಿದ್ರೆ ಕೈಗೆ ಅಂಟುತ್ತೆ ಅನ್ನಿಸಲ್ವಾ? ಇದರ ಮುಂದೆ ನಿಂತ್ರೇ ಸಾಕು ಕಣೋ. ನಿಜವಾಗ್ಲೂ. ತೆಗೀಲೇಬೇಕು ಅಂತ ಏನಿದೆ? ಎಲ್ಲ ಬಾಗಿಲೂ ತೆಗೆದು ಒಳಗೆ ಏನಿದೆ ಅಂತ ತೋರಿಸೋದು ಬಿಸ್ಕತ್ತಿನಂಥೋರ ಕೆಲಸ. ನಾಳೆ ಇಲ್ಲಿಗೇ ನಿಲ್ಲಿಸಿದ್ರೆ ಹೇಗೆ? ಜನ ಯೋಚನೆ ಮಾಡ್ಕೊಂಡು ಮನೆಗೆ ಹೋಗ್ತಾರೆ. ಏನಂತೀಯ?

ಹೆಡ್‌ಫೋನ್ ಯಾಕೆ ಸರಿ ಮಾಡ್ಕೊಂಡೆ? ಇಷ್ಟು ಹೊತ್ತು ಒಂದು ಕಿವಿಗೆ ಇತ್ತಲ್ಲ, ಎರಡೂ ಕಿವಿಗೆ ಯಾಕೆ? ನಾನು ಮಾತಾಡ್ತಿದ್ದೀನಿ ಕಣೋ. ಕೇಳಿಸ್ತಿದೆಯಾ? ನೆಟ್ಟಗೆ ಬೇರೆ ಕೂತ್ಕೊಂಡೆ. ಏನು ಪರೀಕ್ಷೆ ಫಲಿತಾಂಶ ಕೇಳೋ ಹಾಗೆ…

ತೆಗೀಬೇಡ. ಲೋ.

…ಬಾಗಿಲಾಚೆ ಆ ಬೂದು ಬಣ್ಣ ಇದೆಯಲ್ಲ, ಅದು ಮಂಜು. ಮಂಜು ಅದು, ಬೇಕಂತಲೇ ಹಾಗೆ… ಇಲ್ಲ ಇಲ್ಲ, ಮುದುಕ ಬೀಳ್ತಿಲ್ಲ, ಹಾಗೆ ಕಾಣಿಸುತ್ತೆ… ಹೌದು, ಬೀಳ್ತಿದ್ದಾನೆ. ತಾರಸಿ ಇನ್ನೂ ಬಂದಿಲ್ಲ, ಅದಕ್ಕೆ. ಈ ದರಿದ್ರ ಕಂಪ್ಯೂಟರ್, ಮೊದಲೇ ಅಂದೆ, ದೊಡ್ಡ ದೃಶ್ಯ ಅಂದ್ರೆ ತಿಣುಕುತ್ತೆ. ಆರಿಸಿ ಮತ್ತೆ ಹಾಕಿದ್ರೆ… ಕೊಡು ಇಲ್ಲಿ. ಕೊಡೋ.

ಸೌಂಡ್ ಯಾಕೆ ಜಾಸ್ತಿ ಮಾಡ್ತೀಯ? ಕಮ್ಮಿ ಇಲ್ಲ ಅದು. ಇನ್ನೂ ಜಾಸ್ತಿ ಮಾಡಬೇಡ, ಪೂರ್ತಿ ಇಟ್ಟಿದ್ದೀಯ… ವೈರು ಸರಿಯಾಗೇ ಇದೆ ಕಣೋ, ವೈರನ್ನ ಯಾಕೆ ಎಳೀತೀಯ?

ಮೊಣಕಾಲ ಮೇಲೆ ಬೆರಳು… ಎಣಿಸ್ತಿದ್ದೀಯಾ? ಕೊಳಲು ಬರೋ ಜಾಗಕ್ಕಾ? ಬೇಡ. ಎಣಿಸಬೇಡ. ಮಂಜು ಅಂದೆನಲ್ಲ, ಇದು ಬೇರೆ ಥರದ ಕೊನೆ, ಸದ್ದೇ ಇಲ್ಲದ ಕೊನೆ, ನಿನಗೆಲ್ಲಿ ಅರ್ಥ ಆಗುತ್ತೆ…

ಬೆರಳು ನಿಲ್ಲಿಸ್ಬಿಟ್ಟೆ.

ಯಾಕೆ ಹಾಗೆ ನೋಡ್ತೀಯ? ಬೈಯೋ. ಬೈ, ಎದ್ದು ಕುರ್ಚಿ ಒದ್ದು ಹೋಗು, ಬಿಸ್ಕತ್ತಿಗಾದ್ರೂ ಅಷ್ಟು ರೋಷ ಇತ್ತು. ಏನು ಕೇಳ್ಬೇಕು ನಿನಗೆ? ಎರಡು ಸೆಕೆಂಡ್ ಯಾವುದಕ್ಕೆ ಕಮ್ಮಿ ಮಾಡ್ಸಿದೆ ಅಂತಾನಾ? ಕಟ್ಟೇ ಇಲ್ಲದ ತಾರಸೀಲಿ ಮುದುಕ ಎಲ್ಲಿ ಕೂತಿರ್ತಾನೆ ಅಂತಾನಾ? ಕೇಳು ಮತ್ತೆ, ಬಾಯಿಲ್ವಾ?

ನಾನೇನು ಮಾಡ್ಲಿ ಕಣೋ? ಏನಾದ್ರೂ ಒಂದು ತಪ್ಪು ಹುಡುಕಿ ನಿನ್ನ ವಾಪಸ್ ಕಳಿಸಲೇಬೇಕಿತ್ತು. ನೀನು ಪ್ರತಿ ಸಲಾನೂ ರಾಗ ಮುಗಿಸ್ಕೊಂಡೇ ಬಂದುಬಿಡ್ತಿದ್ದೆಯಲ್ಲ.