ಬಾಗಿಲಿಗೇ ಬಂದ ಬಸ್ಕಿ

ಮೂರು ಬೀದಿಯಾಚೆ ಸೊಳ್ಳೆ ಸೀನಿದರೂ ನನ್ನ ಕಿವಿಗೆ ಕೇಳಿಸುತ್ತದೆ. ಹಾಗಿರುವಾಗ, ಆಸ್ಪತ್ರೆಯ ಲಿಫ್ಟಿನ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದ ತಾಯಿ ಮಗನ ಮಾತು ತಪ್ಪಿಸಿಕೊಂಡೀತೇ? ತಾಯಿ ಟೈಲರ್, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

“ಜಿಮ್ಮು ಸಾಕಮ್ಮಾ. ಇವತ್ತು ಡಾಕ್ಟರ್ ಬಾಯಲ್ಲೇ ಬೇಡ ಅನ್ನಿಸ್ತೀನಿ.”

“ಅನ್ಸು, ನೋಡೋಣ. ಮಂಡಿಗೆ ಜೀವ ಬಂದಿದೆ ಅಂತ ಹೋದ್ಸಲ ಅವರೇ ಹೇಳಿದ್ದು.”

“ನಿನ್ನೆ ನಿನ್ನ ಜಿಮ್ಮಿನ ಹೆಂಗಸರೆಲ್ಲ ನಮ್ಮನೆ ಬಾಗಿಲಿಗೇ ಬಂದು ಬಸ್ಕಿ ಹೊಡೆದ್ರಲ್ಲ, ಬೀದಿಯೆಲ್ಲ ನಗ್ತಿದೆ.”

“ಅದು ನಮ್ಮ ಜಿಮ್ಮಿನ ಪದ್ಧತಿ ಕಣೋ. ಯಾರು ಬರಲ್ವೋ ಅವರ ಮನೆ ಮುಂದೇನೇ ಆವತ್ತಿನ ಬಸ್ಕಿ.”

“ನನ್ನ ಮಾನ ಹೋಯ್ತು.”

“ನಾನು ಯಾಕೆ ಹೋಗ್ಲಿಲ್ಲ, ಅದನ್ನೂ ಹೇಳು. ನನ್ನ ಶೂ ಬಚ್ಚಿಟ್ಟಿದ್ದು ಯಾರು?”

ಮಗ ಲಿಫ್ಟಿನ ಗುಂಡಿಯನ್ನು ಇನ್ನೊಮ್ಮೆ ಒತ್ತಿದ.

“ಈ ವಯಸ್ಸಲ್ಲಿ ಏನಾದ್ರೂ ಆದ್ರೆ?”

“ಮೊದಲು ಹೊಲಿಗೆ ಮೆಷಿನ್ ಮುಂದೆ ಕೂತ್ರೆ, ಎಬ್ಬಿಸೋಕೆ ನಿನ್ನ ಕೂಗ್ತಿದ್ದೆ. ಈಗ ಕೂಗ್ತೀನಾ?”

“ಇಲ್ಲ.”

“ಮತ್ತೆ? ಇನ್ನೊಂದ್ಸಲ ಶೂ ಮುಟ್ಟು, ಬಸ್ಕಿ ನಿನ್ನ ಆಫೀಸಿನ ಬಾಗಿಲಲ್ಲಿ.”

ಲಿಫ್ಟು ಮಾತ್ರ ಬರಲಿಲ್ಲ. ಕಾದು ಕಾದು ಸಾಲಿನಲ್ಲಿದ್ದವರ ಗಡ್ಡ ನೆಲ ಗುಡಿಸುತ್ತಿತ್ತು. ತಾಯಿ ಟೇಪನ್ನು ಕೈಚೀಲಕ್ಕೆ ತುರುಕಿ ಮೆಟ್ಟಿಲಿನತ್ತ ತಿರುಗಿದಳು.

“ಅಮ್ಮಾ, ನಾಲ್ಕನೇ ಮಹಡಿ.”

“ಗೊತ್ತು ಮಗ. ನೀನು ನಿಧಾನಕ್ಕೆ ಲಿಫ್ಟಲ್ಲೇ ಬಾ. ಅಷ್ಟರಲ್ಲಿ ಆ ಡಾಕ್ಟರಿಗೂ ಎರಡು ಬಸ್ಕಿ ಹೊಡೆಸಿರ್ತೀನಿ.”