ಅರವತ್ತು ತುಂಬಿದ ದಿನದ ಮಾಲೀಸು

ಸವಳಂಗದಲ್ಲಿ ಬಸ್ಸಿಗೆ ಕಾದು ಕಾದು ಕಾಲು ಸೋತಿದ್ದ ಅರುಣಾಳಿಗೆ, ಪಕ್ಕದ ಕಟ್ಟೆ ಮೇಲೆ ಕೂತಿದ್ದ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು.

“ಅರವತ್ತು ತುಂಬಿತು ಅಂತ ಮಗಳು ಬೆಟ್ಟದ ಮೇಲಿನ ರೆಸಾರ್ಟಿಗೆ ಕರ್ಕೊಂಡು ಹೋಗಿದ್ಲಂತಲ್ಲ, ಸರ್ವಕ್ಕ?”

“ಹೂಂ ಕಣೇ ಚೌಡಿ. ಕೇಕ್ ಆತು. ಆಮೇಲೆ ಮಾಲೀಸು ಮಾಡಾಕೆ ಒಂದು ಹುಡುಗಿ ಬಂದ್ಲು. ನನ್ನ ತವರು ಸೊಕ್ಕೆ ಕಡೆಯವಳೇ.”

“ಚೆಂದ ತಿಕ್ಕಿದ್ಲಾ?”

“ಎಲ್ಲಿ ತಿಕ್ತಾಳೆ? ಬೆಳಗಿಂದ ಎಂಟು ಜನಕ್ಕೆ ತಿಕ್ಕಿ ಬೆರಳೆಲ್ಲಾ ಬಾತಿದ್ವು. ನೀನೇ ಮಲ್ಕೋ ಅಂದು, ಅದೇ ಎಣ್ಣೆ ಅವಳ ಕೈಗೆ ಹಚ್ಚಿದೆ. ಹಂಗೇ ನಿದ್ದೆ ಹೋತು ಕೂಸು.”

“ನೀನು?”

“ಯಾರೂ ಬರದಂಗೆ ಬಾಗಿಲಿಗೆ ಒರಗಿ ಕೂತಿದ್ದೆ.”

“ಮಗಳಿಗೆ ಏನಂದೆ?”

“ಮೈಯೆಲ್ಲಾ ಹಗುರ ಆತು ಅಂದೆ.”

ಬಸ್ಸು ಬಂತು. ಸರ್ವಕ್ಕ ಸೊಂಟ ಹಿಡಿದುಕೊಂಡು ಎದ್ದರು. ಚೌಡಮ್ಮ ಅವರ ಚೀಲವನ್ನೂ ತನ್ನ ಹೆಗಲಿಗೇ ಹಾಕಿಕೊಂಡಳು.