ಸ್ವಂತ ಕಪ್ಪು

ಪಶುವೈದ್ಯರ ಬಾಗಿಲಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದ ಮೇಷ್ಟರು ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತಿಗೆ ಕಿವಿಗೊಟ್ಟರು. ತಮ್ಮ ಕ್ಷೌರದಂಗಡಿಯವನು. ಇಬ್ಬರ ನಡುವೆ ಕಾಡಿಗೆಯಂಥ ಕಪ್ಪು ಮೇಕೆ.

“ಇವಳ ಕೂದಲು ಕೆಂಚಗಾದಾಗಲೇ ನನಗ್ಯಾಕೋ ಹೇಳಲಿಲ್ಲ?”

“ವಯಸ್ಸಾಯ್ತೇನೋ ಅಂದ್ಕೊಂಡೆ ಅಕ್ಕ. ಅಂಗಡೀಲಿದ್ದ ಡೈ ಹಚ್ಚಿಬಿಟ್ಟೆ.”

“ಮೇಕೆಗೆ!”

“ದಿನಾ ಹತ್ತು ತಲೆಗೆ ಹಚ್ಚೋ ಕೈ, ಸುಮ್ನಿರುತ್ತಾ? ಆಮೇಲೆ ಮೇವೂ ಬಿಟ್ಟಳು. ಹೆದರಿ ಆಗಲೇ ಒಂದ್ಸಲ ಇಲ್ಲಿಗೆ ಎತ್ಕೊಂಡು ಬಂದಿದ್ದೆ.”

“ಡಾಕ್ಟ್ರಿಗೆ ಹೇಗೆ ಗೊತ್ತಾಯ್ತು?”

“ಬಾಲದಿಂದ. ತುದೀಲಿ ಕೂದಲುದುರಿ, ಮೀನಿನ ಬಾಲದ ಹಾಗೆ ಸೀಳಾಗಿತ್ತು. ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ತಾಮ್ರ ಕಮ್ಮಿ ಅಂದ್ರು. ತೂಕ ನೋಡಿ ಗುಳಿಗೆ ನುಂಗಿಸಿದ್ರು. ಹೆಚ್ಚಾದ್ರೆ ವಿಷವಂತೆ, ನಾವಾಗೇ ಕೊಡಬಾರದಂತೆ.”

“ಡೈ ಹಚ್ಚಿದ್ದು ಹೇಳಿದ್ಯಾ?”

“ಹೇಳೋದೇನು ಬಂತು? ಅವರ ಎರಡೂ ಕೈ ಕಪ್ಪಾಗಿತ್ತು!”

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಷ್ಟರು ಬುಟ್ಟಿಯ ಹಿಂದೆ ಮುಖ ಮರೆಸಿಕೊಂಡರು.

“ಮತ್ತೆ ಈಗಿನ ಕಪ್ಪು?”

“ಕೂದಲ ಬುಡ ನೋಡು. ಗುಳಿಗೆ ನುಂಗಿದ ಮೇಲಿನ ಮೂರು ತಿಂಗಳ ಬೆಳೆ.”

ಅಷ್ಟರಲ್ಲಿ ವೈದ್ಯರೇ ಬಾಗಿಲು ತೆರೆದರು. ಮೇಕೆಯನ್ನು ಕಂಡದ್ದೇ ತಡ, ಜೇಬಿನಿಂದ ಕೈಗವಸು ತೆಗೆದರು.

“ಬೇಡಿ ಡಾಕ್ಟ್ರೇ,” ಕ್ಷೌರಿಕ ಎದ್ದು ನಿಂತ, “ಇದು ಅವಳ ಸ್ವಂತದ್ದು!”

ಮೇಕೆ ಎಲ್ಲರಿಗಿಂತ ಮೊದಲು ಒಳಗೆ ಜಿಗಿಯಿತು.